ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ: ಲೈಬ್ರರಿಯ ಒಳಗೋ, ಹೊರಗೋ?

ಕೋಷ್ಟಕಿ:
ಸಂಖ್ಯೆಗಳ ಕೋಷ್ಟಕಗಳನ್ನು ಓದಿ ಶುಚಿಗೊಳಿಸಿ ಕೊಡುವ ಚಿಕ್ಕ ಲೈಬ್ರರಿಯೊಂದನ್ನು (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡ್) ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನೋಡಿಕೊಳ್ಳುತ್ತಿದ್ದೇನೆ. ಅದರ ಕೆಲಸ ಅಷ್ಟೇ. ಆದರೆ ‘ನನ್ನ ಕೋಡ್ ಸೇರಿಸಿಕೊಳ್ಳಿ’ ಎಂದು ಬರುವ ಪುಲ್ ರಿಕ್ವೆಸ್ಟ್‌ಗಳೆಲ್ಲ ಸಂಖ್ಯಾಶಾಸ್ತ್ರದವೇ. ಒಬ್ಬರಿಗೆ ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ಬೇಕು, ಇನ್ನೊಬ್ಬರಿಗೆ ಮಾನಕ ವಿಚಲನೆ (ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ), ಮತ್ತೊಬ್ಬರಿಗೆ ಚತುರ್ಥಕ (ಬೆಲೆಗಳನ್ನು ನಾಲ್ಕು ಸಮಪಾಲು ಮಾಡುವ ಗಡಿ). ವಾದ ಮಾತ್ರ ಎಲ್ಲರದೂ ಒಂದೇ: ‘ಎಲ್ಲರೂ ಬಳಸುವಂಥದ್ದು, ನಾಲ್ಕು ಸಾಲಿನ ಕೋಡ್, ಸೇರಿಸಿದರೆ ನಿಮ್ಮ ಗಂಟೇನು ಹೋಗುತ್ತದೆ?’ ಹೋಗುವುದು ನನ್ನ ಗಂಟೇ. ಸೇರಿಸಿದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ದೂರು ಬರುವುದು ನನ್ನ ಹೆಸರಿಗೆ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕಲೂ ಮನಸ್ಸಿಲ್ಲ. ಪೈಥಾನ್ ತಾನೇ 2014ರಲ್ಲಿ, 3.4ನೇ ಆವೃತ್ತಿಯಲ್ಲಿ, ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲನ್ನು ಒಳಗೆ ಕರೆದುಕೊಂಡಿತು. ಜೂಲಿಯಾ ಭಾಷೆಯವರು ಇದಕ್ಕೆ ತದ್ವಿರುದ್ಧ: 1.0 ಬರುವ ಹೊತ್ತಿಗೆ ಸರಾಸರಿಯನ್ನು ಕೂಡ ಮೂಲದಿಂದ ತೆಗೆದು, ಭಾಷೆಯ ಜೊತೆ ಬರುವ ಬೇರೆ ಪ್ಯಾಕೇಜಿಗೆ ಸಾಗಿಸಿದರು. ಆರ್ ಭಾಷೆಯಲ್ಲಂತೂ ಸರಾಸರಿ ಬೇಸ್ ಪ್ಯಾಕೇಜಿನಲ್ಲಿದೆ, ಮಧ್ಯಾಂಕ ಸ್ಟ್ಯಾಟ್ಸ್ ಪ್ಯಾಕೇಜಿನಲ್ಲಿ. ಎರಡೂ ತಾವಾಗಿಯೇ ಲೋಡ್ ಆಗುವುದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೀವು ಗೆರೆ ಎಳೆಯುವುದು ಎಲ್ಲಿ?

ಭಾಜಕ:
ಎಷ್ಟು ಜನ ಬಳಸುತ್ತಾರೆ ಎಂಬುದನ್ನು ಬಿಡಿ. ಆ ಹೆಸರಿಗೆ ಒಂದೇ ಉತ್ತರವಿದೆಯೇ ಎಂದು ನೋಡಿ. 1, 2, 3, 4 ಎಂಬ ಸಂಖ್ಯೆಗಳ ಮಾನಕ ವಿಚಲನೆ ಎಷ್ಟೆಂದು ನಂಪೈ ಎಂಬ ಪೈಥಾನ್ ಲೈಬ್ರರಿಯನ್ನು ಕೇಳಿದರೆ 1.118 ಎನ್ನುತ್ತದೆ, ಪಾಂಡಾಸ್ ಎಂಬ ಇನ್ನೊಂದು ಲೈಬ್ರರಿ 1.291 ಎನ್ನುತ್ತದೆ. ಎರಡೂ ಸರಿ. ಮೊದಲನೆಯದು ಇವನ್ನೇ ಇಡೀ ಸಮೂಹವೆಂದು ಎಣಿಸಿ 4ರಿಂದ ಭಾಗಿಸುತ್ತದೆ. ಎರಡನೆಯದು ದೊಡ್ಡ ಸಮೂಹದಿಂದ ತೆಗೆದ ಮಾದರಿ ಎಂದುಕೊಂಡು 3ರಿಂದ. ಅವೇ ಸಂಖ್ಯೆಗಳ ಮೊದಲ ಚತುರ್ಥಕ ನಂಪೈಯಲ್ಲಿ 1.75, ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲಿನಲ್ಲಿ 1.25. ಆರ್‌ನ ಕ್ವಾಂಟೈಲ್ ಫಂಕ್ಷನ್ ಒಂಬತ್ತು ವಿಧಾನಗಳನ್ನು ಮುಂದಿಟ್ಟು ಆರಿಸಿಕೊಳ್ಳಿ ಎನ್ನುತ್ತದೆ. ನಿಮ್ಮ ಲೈಬ್ರರಿಗೆ ಚತುರ್ಥಕ ಸೇರಿಸಿದ ದಿನವೇ ನೀವು ಒಂದು ಪಕ್ಷಕ್ಕೆ ಸೇರಿದಿರಿ ಎಂದೇ ಲೆಕ್ಕ. ಆಮೇಲೆ ಬದಲಿಸಿದರೆ ಯಾರದೋ ವರದಿಯ ಅಂಕಿ ಸದ್ದಿಲ್ಲದೆ ಬದಲಾಗುತ್ತದೆ.

ಇದಕ್ಕೆಂದೇ ಇರುವವರ ಕೈಗೆ ಕೊಡುವುದು ಲೇಸು. ಸೈಪೈ ಎಂಬ ವೈಜ್ಞಾನಿಕ ಲೈಬ್ರರಿಯೊಳಗಿದ್ದ, ಸಂಖ್ಯಾಶಾಸ್ತ್ರದ ಮಾಡೆಲ್ ಕಟ್ಟುವ ಭಾಗವನ್ನೇ ಹೊರತೆಗೆದಿದ್ದರು. ಅದೇ ಬೆಳೆದು ಸ್ಟ್ಯಾಟ್ಸ್‌ಮಾಡೆಲ್ಸ್ ಆಯಿತು.

ನಿಧಾನಿ:
ಒಪ್ಪುವುದಿಲ್ಲ. ನೀವು ಕೊಡದಿದ್ದರೆ ಜನ ತಾವೇ ಬರೆದುಕೊಳ್ಳುತ್ತಾರೆ, ಅದೂ ಪಠ್ಯಪುಸ್ತಕದ ಸೂತ್ರದಂತೆ: ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗ ಕಳೆಯುವುದು. ಕಾಗದದ ಮೇಲೆ ಚೆನ್ನಾಗಿಯೇ ಇರುತ್ತದೆ. ಸಂಖ್ಯೆಗಳು ನೂರು ಕೋಟಿಯ ಆಸುಪಾಸಿನಲ್ಲಿದ್ದು ಅವುಗಳ ನಡುವಿನ ವ್ಯತ್ಯಾಸ ಕೆಲವೇ ಅಂಕಿಗಳದ್ದಾಗಿದ್ದರೆ, ಕಂಪ್ಯೂಟರ್ ಸಂಖ್ಯೆಯನ್ನು ಸೀಮಿತ ಅಂಕಿಗಳಲ್ಲೇ ಇಡುವ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಬೇಕಾದ ಅಂಕಿಗಳೆಲ್ಲ ಕೊಚ್ಚಿಹೋಗಿ ವಿಚಲನಾಂಕ (ಮಾನಕ ವಿಚಲನೆಯ ವರ್ಗ) ಋಣವಾಗಿಯೂ ಬರಬಹುದು. ಅದರ ವರ್ಗಮೂಲ ತೆಗೆಯಲು ಹೋಗಿ ಪ್ರೋಗ್ರಾಂ ಕುಸಿದರೆ ಪುಣ್ಯ, ಕುಸಿಯದೆ ತಪ್ಪು ಉತ್ತರ ಕೊಟ್ಟರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಬಿ. ಪಿ. ವೆಲ್ಫೋರ್ಡ್ ಎಂಬವರು 1962ರಲ್ಲೇ ಇದಕ್ಕೆ ಒಳ್ಳೆಯ ದಾರಿ ತೋರಿಸಿದ್ದರು. ಪೈಥಾನ್‌ಗೆ ಆ ಮಾಡ್ಯೂಲ್ ಬರಬೇಕೆಂದು ಪೆಪ್ 450 ಎಂಬ ಪ್ರಸ್ತಾವ ಮುಂದಿಟ್ಟ ವಾದಗಳಲ್ಲಿ ಇಂಥ ಕೈಬರಹದ ಕೋಡ್‌ನ ಅಪಾಯವೂ ಒಂದು.

ಕೋಷ್ಟಕಿ:
ನಿಧಾನಿಯವರೇ, ಆ ವಾದ ಪೈಥಾನ್‌ಗೆ ಸರಿ. ಅಲ್ಲಿ ಈಗಾಗಲೇ ಬಂದಿರುವುದನ್ನು ನಾನು ಇನ್ನೊಮ್ಮೆ ಬರೆದರೆ ಕೈಬರಹದ ಕೋಡ್ ಇನ್ನೊಂದು ಹೆಚ್ಚಿತು, ಅಷ್ಟೇ.

ನನ್ನ ಪಾಲಿಗೆ ಸೇರಿದ್ದು ಬೇರೆ ಇದೆ ಅನ್ನಿಸುತ್ತಿದೆ: ಕೋಷ್ಟಕದಲ್ಲಿ ಖಾಲಿ ಬಿಟ್ಟ ಮನೆಗಳು. ಪಾಂಡಾಸ್ ಅವನ್ನು ಬಿಟ್ಟು ಲೆಕ್ಕ ಹಾಕುತ್ತದೆ, ನಂಪೈಯ ಸರಾಸರಿ ತಾನೂ ‘ನ್ಯಾನ್’ (ಸಂಖ್ಯೆಯಲ್ಲ ಎಂಬ ಗುರುತು) ಆಗಿಬಿಡುತ್ತದೆ, ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲಿನ ಮಧ್ಯಾಂಕಕ್ಕೆ ‘ನ್ಯಾನ್’ ಸಿಕ್ಕರೆ ಏರಿಕೆ ಕ್ರಮದ ಜೋಡಣೆಯೇ ಹದಗೆಟ್ಟು, ಸಾಲುಗಳ ಕ್ರಮ ಬದಲಾದಂತೆ ಉತ್ತರವೂ ಬದಲಾಗಬಹುದು. ಎಷ್ಟು ಮನೆ ಖಾಲಿ ಎಂದು ಎಣಿಸಿ ಹೇಳಿ, ಶುಚಿಯಾದ ಕಾಲಮನ್ನು ಬಳಸುವವರ ಕೈಗಿಡುವುದು ನನ್ನ ಕೆಲಸ. ಅದನ್ನು ಯಾವುದಕ್ಕೆ ಕೊಡುತ್ತಾರೋ ಅವರಿಗೆ ಬಿಟ್ಟದ್ದು. ಚತುರ್ಥಕದ ರಿಕ್ವೆಸ್ಟನ್ನು ಇವತ್ತೇ ಮುಚ್ಚುತ್ತೇನೆ. ತೂಕ ಸೇರಿಸಿದ ಮಾನಕ ವಿಚಲನೆ ಕೇಳಿದವರಿಗೆ ಏನು ಹೇಳಲಿ? ಅದು ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲಿನಲ್ಲಿ ಇಲ್ಲ.

ಭಾಜಕ:
ಅವರ ‘ತೂಕ’ ಎಂದರೆ ಆ ಬೆಲೆ ಎಷ್ಟು ಸಲ ಬಂದಿದೆ ಎಂಬ ಎಣಿಕೆಯೇ, ಅಥವಾ ಆ ಅಳತೆಯನ್ನು ಎಷ್ಟು ನಂಬಬಹುದು ಎಂಬುದೇ ಎಂದು ಮೊದಲು ಕೇಳಿ. ಎಣಿಕೆಯಾದರೆ ತೂಕಗಳ ಮೊತ್ತದಿಂದ 1 ಕಳೆದು ಭಾಗಿಸುತ್ತಾರೆ. ನಂಬಿಕೆಯಾದರೆ ಆ ಭಾಜಕ ನಡೆಯುವುದಿಲ್ಲ. ಉತ್ತರ ಬರುವವರೆಗೆ ರಿಕ್ವೆಸ್ಟ್ ತೆರೆದೇ ಇರಲಿ.