ಬ್ಯಾಂಕಿನಿಂದ ಪ್ರೀಮಿಯಂ ಹೋಗಿದೆ, ವಿಮೆ ಕಂಪನಿ ಮಾತ್ರ ಕಟ್ಟಿಲ್ಲ ಅನ್ನುತ್ತಿದೆ. ಏನು ಮಾಡಲಿ?

ದಾವಣಗೆರೆ_ಹುಡುಗಿ:
ಅಮ್ಮನ ಹೆಸರಿನಲ್ಲಿ ಒಂದು ಎಂಡೋಮೆಂಟ್ ಪಾಲಿಸಿ (ಉಳಿತಾಯವೂ ಸೇರಿದ ಜೀವ ವಿಮೆ) ಇದೆ. 11 ವರ್ಷದಿಂದ ಆರು ತಿಂಗಳಿಗೊಮ್ಮೆ ಕಂತು ಕಟ್ಟುತ್ತಾ ಬಂದಿದ್ದೇವೆ, ಒಂದು ಸಲವೂ ತಪ್ಪಿಲ್ಲ. 2025ರ ಜೂನ್ ಕಂತು 12,480 ರೂಪಾಯಿ ಆಟೋ ಡೆಬಿಟ್‌ನಲ್ಲಿ ಹೋಗಿದೆ. ಪಾಸ್‌ಬುಕ್‌ನಲ್ಲಿ ಕಂಪನಿ ಹೆಸರಿನ ಸಮೇತ ಎಂಟ್ರಿ ಇದೆ, ದುಡ್ಡು ವಾಪಸ್ ಬಂದಿಲ್ಲ. ಈಗ ಡಿಸೆಂಬರ್ ಕಂತಿನ ನೋಟಿಸ್‌ನಲ್ಲಿ ಜೂನ್ ಬಾಕಿ ಅಂತ ಹಾಕಿ, ಅದಕ್ಕೆ ಲೇಟ್ ಫೀ ಸೇರಿಸಿ, ಪಾಲಿಸಿ ಲ್ಯಾಪ್ಸ್ ಆಗಿದೆ, ಅಂದರೆ ಕಂತು ಕಟ್ಟದೆ ನಿಂತುಹೋಗಿದೆ ಅಂತ ಬರೆದಿದ್ದಾರೆ. ವಿಮೆ ಕಂಪನಿಯ ಬ್ರಾಂಚಿಗೆ ಹೋದರೆ ‘ಸಿಸ್ಟಮ್‌ನಲ್ಲಿ ತೋರಿಸ್ತಿಲ್ಲ ಮೇಡಂ’ ಅನ್ನೋದು ಬಿಟ್ಟು ಬೇರೆ ಮಾತಿಲ್ಲ. ಏಜೆಂಟ್ ಅಂತೂ ‘ಸುಮ್ನೆ ಇನ್ನೊಂದು ಸಲ ಕಟ್ಟಿಬಿಡಿ, ರಿವೈವಲ್ (ನಿಂತ ಪಾಲಿಸಿ ಮತ್ತೆ ಶುರು ಮಾಡೋ) ಫಾರ್ಮ್‌ಗೆ ಅಮ್ಮನ ಸಹಿ ಹಾಕಿಸಿ, ಆಮೇಲೆ ಅಡ್ಜಸ್ಟ್ ಮಾಡ್ತಾರೆ’ ಅಂತಾರೆ. ಅಮ್ಮನಿಗೆ ಈಚೆಗೆ ಶುಗರ್ ಬಂದಿದೆ, ಅದಕ್ಕೇ ಭಯ.

ನಿವೃತ್ತ_ಕ್ಯಾಶಿಯರ್:
ಮೊದಲು ಬ್ಯಾಂಕಿನಿಂದ ಸೀಲ್ ಹಾಕಿದ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಪಾಸ್‌ಬುಕ್ ಝೆರಾಕ್ಸ್ ಸಾಲದು. ಆ ಡೆಬಿಟ್‌ನ ರೆಫರೆನ್ಸ್ ನಂಬರ್, ಆಟೋ ಡೆಬಿಟ್ ಮ್ಯಾಂಡೇಟ್‌ನ (ದುಡ್ಡು ತಾನಾಗಿ ಕಡಿತವಾಗಲು ನೀವು ಕೊಟ್ಟ ಅನುಮತಿ) ಗುರುತಿನ ಸಂಖ್ಯೆಯಾದ ಯುಎಂಆರ್‌ಎನ್ ನಂಬರ್ ಎರಡನ್ನೂ ಕೇಳಿ ಬರೆದುಕೊಳ್ಳಿ. ಇಂಥ ಕೇಸ್‌ಗಳಲ್ಲಿ ದುಡ್ಡು ಕಂಪನಿಗೆ ಮುಟ್ಟಿರುತ್ತದೆ, ಆದರೆ ಯಾವ ಪಾಲಿಸಿಗೆ ಅಂತ ಹೊಂದಾಣಿಕೆ ಆಗದೆ ಸಸ್ಪೆನ್ಸ್ ಖಾತೆಯಲ್ಲಿ (ಲೆಕ್ಕ ತಿಳಿಯದ ದುಡ್ಡನ್ನು ತಾತ್ಕಾಲಿಕವಾಗಿ ಇಡುವ ಖಾತೆ) ಕೂತಿರಬಹುದು. ಬ್ರಾಂಚಿನ ಕೌಂಟರ್‌ನವರಿಗೆ ಅದು ಕಾಣಿಸುವುದೇ ಇಲ್ಲ. ಹಾಗಾಗಿ ಬಾಯಿ ಮಾತಲ್ಲಿ ಕೇಳಬೇಡಿ, ಬರವಣಿಗೆಯಲ್ಲಿ ಕೊಡಿ, ನಿಮ್ಮ ಪ್ರತಿಯ ಮೇಲೆ ತಾರೀಖು, ಸೀಲ್ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ವಿಮೆ_ವಕೀಲ:
ದಯವಿಟ್ಟು ಆ ರಿವೈವಲ್ ಫಾರ್ಮ್‌ಗೆ ಸಹಿ ಹಾಕಿಸಬೇಡಿ ಮೇಡಂ. ಇದು ಬರೀ 12 ಸಾವಿರದ ಪ್ರಶ್ನೆ ಅಲ್ಲ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ರಿವೈವಲ್ ಮಾಡಿಸಿದರೆ ಆ ಮೂರು ವರ್ಷ ರಿವೈವಲ್ ತಾರೀಖಿನಿಂದ ಮತ್ತೆ ಶುರು. ಜೊತೆಗೆ ಆರೋಗ್ಯದ ಡಿಕ್ಲರೇಷನ್ ಬೇರೆ ಕೇಳಬಹುದು, ಅಮ್ಮನಿಗೆ ಶುಗರ್ ಇದೆ ಅಂದಿರಿ. ತಪ್ಪು ಅವರದ್ದು, 11 ವರ್ಷದ ರಕ್ಷಣೆ ಕಳೆದುಕೊಳ್ಳೋದು ನೀವ್ಯಾಕೆ? ಲ್ಯಾಪ್ಸ್ ಆಗಿಯೇ ಇಲ್ಲ, ದಾಖಲೆ ಸರಿಪಡಿಸಿ, ಲೇಟ್ ಫೀ ತೆಗೆಯಿರಿ ಅಂತಲೇ ಬರೆಯಿರಿ.

ದೂರು ಮೊದಲು ವಿಮೆ ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ (ದೂರು ನೋಡುವ ಅಧಿಕಾರಿ) ಹೋಗಲಿ. ಅವರಿಗೆ ಎರಡು ವಾರ ಟೈಮ್. ಅಲ್ಲಿ ಆಗದಿದ್ದರೆ ವಿಮೆ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್, ಇಲ್ಲವೇ 155255ಕ್ಕೆ ಫೋನ್. ಒಂದು ತಿಂಗಳಾದರೂ ಉತ್ತರ ಬರಲಿಲ್ಲ ಅಥವಾ ಉತ್ತರ ಸರಿಯಿಲ್ಲ ಅಂದರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್, ಅಂದರೆ ವಿಮೆ ತಕರಾರು ಬಗೆಹರಿಸುವ ಅಧಿಕಾರಿ. ಒಂಬುಡ್ಸ್‌ಮನ್ ಬಗೆಗಿನ 2017ರ ನಿಯಮಗಳಲ್ಲಿ ಪ್ರೀಮಿಯಂ ಕಟ್ಟಿದ್ದರ ಬಗೆಗಿನ ತಕರಾರು ಅಂತಲೇ ಪ್ರತ್ಯೇಕವಾಗಿ ಇದೆ. ಫೀಸ್ ಇಲ್ಲ, ವಕೀಲರೂ ಬೇಡ. ಕಂಪನಿ ಉತ್ತರ ಕೊಟ್ಟ ಒಂದು ವರ್ಷದ ಒಳಗೆ ಹೋಗಬೇಕು ಅಷ್ಟೇ. ಕರ್ನಾಟಕಕ್ಕೆ ಬೆಂಗಳೂರಿನ ಜೆಪಿ ನಗರದಲ್ಲಿ ಆಫೀಸಿದೆ, ಆನ್‌ಲೈನ್‌ನಲ್ಲೂ ಕೊಡಬಹುದು. ಆದರೆ ಅದೇ ವಿಷಯಕ್ಕೆ ಗ್ರಾಹಕರ ಕೋರ್ಟಿನಲ್ಲಿ ಕೇಸ್ ಹಾಕಿದ್ದರೆ ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ.

ದಾವಣಗೆರೆ_ಹುಡುಗಿ:
ತುಂಬಾ ಥ್ಯಾಂಕ್ಸ್ ಸರ್. 45ನೇ ಸೆಕ್ಷನ್ ವಿಷಯ ಏಜೆಂಟ್ ಒಂದು ಮಾತೂ ಹೇಳಲಿಲ್ಲ. ಹಾಗಾದರೆ ಡಿಸೆಂಬರ್ ಕಂತು? ಜೂನ್ ಕಟ್ಟದೆ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳುತ್ತಿಲ್ಲ.

ವಿಮೆ_ವಕೀಲ:
ಅದನ್ನು ಮಾತ್ರ ನಿಲ್ಲಿಸಬೇಡಿ. ಅರ್ಧವಾರ್ಷಿಕ ಕಂತಿಗೆ 30 ದಿನ ಗ್ರೇಸ್ (ಗಡುವಿನ ಮೇಲಿನ ಹೆಚ್ಚುವರಿ ಸಮಯ) ಇದೆ, ಅದರೊಳಗೆ ಡಿಸೆಂಬರ್ ಕಂತಿಗಷ್ಟೇ ಡಿಡಿ ತೆಗೆಸಿ, ‘ಇದು ಡಿಸೆಂಬರ್ ಕಂತು, ಜೂನ್ ಕಂತು ಈಗಾಗಲೇ ಸಂದಾಯವಾಗಿದೆ’ ಅಂತ ಪತ್ರದ ಜೊತೆ ಕೊಡಿ. ಕೌಂಟರ್‌ನಲ್ಲಿ ಬೇಡ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನೀವು ಕಟ್ಟಲು ತಯಾರಿದ್ದಿರಿ ಅನ್ನೋದಕ್ಕೆ ಅದೇ ಪುರಾವೆ.

ನಿವೃತ್ತ_ಕ್ಯಾಶಿಯರ್:
ಡಿಡಿ ತೆಗೆಸುವ ಮುಂಚೆ ಮೊತ್ತ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ಇಲ್ಲ. ಡಿಸೆಂಬರ್ ಕಂತಿಗೆ ತೆರಿಗೆ ಸೇರಿಸಿದ್ದರೆ ಅದನ್ನೂ ಅದೇ ದೂರಿನಲ್ಲಿ ಬರೆಯಿರಿ. ಇನ್ನೊಂದು, ಡೆಬಿಟ್ ಮ್ಯಾಂಡೇಟ್ ಇನ್ನೂ ಚಾಲ್ತಿಯಲ್ಲಿದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ, ಚಾಲ್ತಿಯಲ್ಲಿದ್ದರೆ ಡಿಸೆಂಬರ್ ಕಂತು ಎರಡೆರಡು ಸಲ ಹೋಗಿಬಿಡಬಹುದು.