ಐರ್ಲೆಂಡಿನ ಬ್ರೋಚುಗಳಲ್ಲಿ ಉಂಗುರದ ಕಂಡಿ ಮುಚ್ಚಿದ್ದು ಏಕೆ?

ಚಿತ್ಕಲಾ (ಪ್ರಶ್ನೆ):
ಆರಂಭಿಕ ಮಧ್ಯಯುಗದ ಐರ್ಲೆಂಡಿನಲ್ಲಿ ಮೇಲುಹೊದಿಕೆಯನ್ನು ಹಿಡಿದಿಡಲು ಬಳಸುತ್ತಿದ್ದ ಬ್ರೋಚುಗಳ ಚಿತ್ರಗಳನ್ನು ನೋಡುತ್ತಿದ್ದೇನೆ. 6ನೆಯ ಶತಮಾನದವುಗಳಲ್ಲಿ ಉಂಗುರದ ಒಂದು ಕಡೆ ಕಂಡಿಯಿದೆ. ಸುಮಾರು 700ರ ಟಾರಾ ಬ್ರೋಚಿನಲ್ಲಿ ಅದು ಮುಚ್ಚಿಹೋಗಿದೆ. ಸೂಜಿ ದಾಟುವ ದಾರಿಯನ್ನೇ ಮುಚ್ಚಿದರೆ ಬ್ರೋಚು ಬಟ್ಟೆಯನ್ನು ಹಿಡಿಯುವುದಾದರೂ ಹೇಗೆ?

ಗಿರಿಧರ:
ಹಳೆಯ ಮಾದರಿಯ ಉಪಾಯ ಸರಳವಾಗಿತ್ತು. ಸೂಜಿಯನ್ನು ಬಟ್ಟೆಗೆ ಚುಚ್ಚಿ, ತುದಿಯನ್ನು ಕಂಡಿಯ ಮೂಲಕ ಮೇಲೆ ತಂದು, ಉಂಗುರವನ್ನು ಸ್ವಲ್ಪ ತಿರುಗಿಸಿದರೆ ಬೀಗ ಹಾಕಿದಂತಾಗುತ್ತಿತ್ತು. ಅವು ಹೆಚ್ಚಾಗಿ ತಾಮ್ರ ಮಿಶ್ರಲೋಹದ ಎರಕದವು. ಪ್ರಾಣಿಮುಖದ ಆಕಾರ, ಕೆಂಪು ಎನಾಮಲ್ ಮುಂತಾದ ಅಲಂಕಾರವೆಲ್ಲ ಕಂಡಿಯ ಎರಡು ತುದಿಗಳಲ್ಲೇ ಇರುತ್ತಿತ್ತು. ಅಲಂಕಾರಕ್ಕೆ ಜಾಗ ಸಾಲದೆ ಅಕ್ಕಸಾಲಿಗರು ಆ ತುದಿಗಳನ್ನು ಅಗಲಿಸುತ್ತ ಹೋದರು. ಕೊನೆಗೆ ಅವೆರಡೂ ಕೂಡಿ ಒಂದೇ ಫಲಕವಾದವು.

ನನ್ನ ದೃಷ್ಟಿಯಲ್ಲಿ ಇಲ್ಲಿ ಅನುಕೂಲಕ್ಕಿಂತ ಅಂತಸ್ತು ಮೇಲಾಯಿತು. ಟಾರಾ ಬ್ರೋಚಿನ ಉಂಗುರದ ಅಡ್ಡಳತೆ 9 ಸೆಂ.ಮೀ. ಕೂಡ ಇಲ್ಲ. ಅಷ್ಟರಲ್ಲೇ, ಚಿನ್ನದ ಲೇಪ ಕೊಟ್ಟ ಬೆಳ್ಳಿಯ ಎರಕದಲ್ಲಿ ಪುಟ್ಟ ಪುಟ್ಟ ಮನೆಗಳನ್ನು ಮಾಡಿ, ಚಿನ್ನದ ತಂತಿ ಮತ್ತು ರವೆಕೆಲಸದ (ರವೆಯಂಥ ಚಿನ್ನದ ಗುಂಡುಗಳನ್ನು ಬೆಸೆದ) ತಗಡುಗಳನ್ನೂ ನಡುನಡುವೆ ಅಂಬರ್ (ಕಲ್ಲಿನಂತೆ ಗಟ್ಟಿಯಾದ ಮರದ ಅಂಟು) ಹಾಗೂ ಗಾಜನ್ನೂ ಕೂರಿಸಿದ್ದಾರೆ. ಬಟ್ಟೆಗೆ ತಾಗಿ ಯಾರ ಕಣ್ಣಿಗೂ ಬೀಳದ ಹಿಂಬದಿಗೂ ಅಷ್ಟೇ ಶ್ರದ್ಧೆಯ ಕೆಲಸವಿದೆ. ಪಕ್ಕದಲ್ಲಿ ಬೆಳ್ಳಿತಂತಿ ಹೆಣೆದ ಸರಪಳಿಯಿದೆ. ಬ್ರೋಚು ಜಾರದಂತೆ ಭದ್ರಪಡಿಸಲು ಅದನ್ನು ಬಳಸುತ್ತಿದ್ದರೆಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. (ಇದು 1850ರಲ್ಲಿ ಸಿಕ್ಕಿದ್ದು ಬೆಟಿಸ್‌ಟೌನ್‌ನಲ್ಲಿ, ಕಡಲಂಚಿನ ಬಳಿ. ಐರ್ಲೆಂಡಿನ ಹಳೆಯ ಅರಸರ ಪೀಠವೆಂದು ಹೆಸರಾದ ಟಾರಾ ಬೆಟ್ಟದ ಹೆಸರನ್ನು ಅದಕ್ಕೆ ಅಂಟಿಸಿದವರು ಡಬ್ಲಿನ್ನಿನ ಆಭರಣ ವ್ಯಾಪಾರಿ.)

ರೇವತಿ:
ಗಿರಿಧರ ಅವರ ಮಾತಿಗೆ ಒಂದು ಸೇರ್ಪಡೆ. ತುದಿ ಅಗಲವಾದ ಮಾತ್ರಕ್ಕೆ ಕಂಡಿ ಮುಚ್ಚಲೇಬೇಕೆಂದೇನಿರಲಿಲ್ಲ. ಸ್ಕಾಟ್ಲೆಂಡಿನ ಪಿಕ್ಟ್ ಜನರು ಅದನ್ನು ಉಳಿಸಿಕೊಂಡೇ ಸೊಗಸಾದ ಬ್ರೋಚುಗಳನ್ನು ಮಾಡಿದರು. 1958ರಲ್ಲಿ ಶೆಟ್ಲೆಂಡಿನ ಸೇಂಟ್ ನಿನಿಯನ್ ದ್ವೀಪದಲ್ಲಿ ದೊರೆತ, ಸುಮಾರು 800ರ ಬೆಳ್ಳಿ ನಿಧಿಯಲ್ಲಿ ಅಂಥ 12 ಬ್ರೋಚುಗಳಿವೆ. ಆದ್ದರಿಂದ ಮುಚ್ಚಿದ ಉಂಗುರವನ್ನು ಐರ್ಲೆಂಡಿನವರ ಅಭಿರುಚಿಯೆಂದು ಕಾಣುವುದು ಸರಿ.

ಚಿತ್ಕಲಾ:
ಇಬ್ಬರಿಗೂ ಧನ್ಯವಾದಗಳು. ಮುಚ್ಚಿದ ಮಾದರಿಯೇ ಕೊನೆಯವರೆಗೂ ಉಳಿಯಿತೇ?

ಗಿರಿಧರ:
ಇಲ್ಲ, 9ನೆಯ ಶತಮಾನದಲ್ಲಿ ಕಂಡಿ ಮರಳಿ ಬಂತು. ವೈಕಿಂಗರ ವ್ಯಾಪಾರದಿಂದ, ಅರಬ್ ನಾಣ್ಯಗಳ ರೂಪದಲ್ಲಿಯೂ, ಬೆಳ್ಳಿ ಧಾರಾಳವಾಗಿ ಬರತೊಡಗಿದಾಗ ತಂತಿಕೆಲಸದ ನಾಜೂಕು ಹಿಂದೆ ಸರಿದು ಗಟ್ಟಿ ಬೆಳ್ಳಿಯ ತೂಕವೇ ಒಡೆಯನ ಸಿರಿಯನ್ನು ಹೇಳತೊಡಗಿತು. 1868ರಲ್ಲಿ ಐರ್ಲೆಂಡಿನ ಲಿಮೆರಿಕ್ ಕೌಂಟಿಯ ಆರ್ಡಾ ಎಂಬಲ್ಲಿ ಸಿಕ್ಕಿದ ನಿಧಿಯಲ್ಲಿ ಪ್ರಸಿದ್ಧವಾದ ಪೂಜಾಪಾತ್ರೆಯೊಂದಿಗೆ ನಾಲ್ಕು ಬ್ರೋಚುಗಳೂ ಇದ್ದವು. ಮೂರು ಬೆಳ್ಳಿಗೆ ಚಿನ್ನದ ಲೇಪ ಕೊಟ್ಟ ಮುಚ್ಚಿದ ಮಾದರಿಯವು. ನಾಲ್ಕನೆಯದು ಕಂಡಿಯುಳ್ಳ ಬೆಳ್ಳಿಯ ಬ್ರೋಚು, ಅದರ ತುದಿಗಳಲ್ಲಿ ಮುಳ್ಳುಹೂವಿನ ಮೊಗ್ಗಿನಂಥ ಗುಂಡುಗಳಿವೆ.