ಸ್ಟ್ರಿಪ್ ಹಾಕಿದರೂ ‘ಪೆನ್’ ಮ್ಯಾಚ್ ಆಗುತ್ತಿಲ್ಲ (ಪೈಥಾನ್ 3)

ಪ್ರಶ್ನೆ:
ನಮಸ್ಕಾರ. ಎರಡು ಫೈಲ್‌ಗಳಲ್ಲಿರುವ ಕನ್ನಡ ಪದಗಳನ್ನು ಹೋಲಿಸುತ್ತಿದ್ದೇನೆ. ಎರಡಕ್ಕೂ ಸ್ಟ್ರಿಪ್() (ಎರಡೂ ತುದಿಯ ಖಾಲಿ ಜಾಗ ತೆಗೆಯುವ ಫಂಕ್ಷನ್) ಹಾಕಿ, ಬಂದ ಫಲಿತಾಂಶವನ್ನೇ ಬಳಸುತ್ತಿದ್ದೇನೆ. ‘ಮರ’, ‘ಮನೆ’ ಸರಿಯಾಗಿ ಮ್ಯಾಚ್ ಆಗುತ್ತವೆ. ‘ಪೆನ್’, ‘ಬಸ್’ ಮಾತ್ರ ಆಗುತ್ತಿಲ್ಲ. ಕಣ್ಣಿಗೆ ಒಂದೇ ಥರ ಇವೆ. ಸ್ಟ್ರಿಪ್ ಕೆಲಸ ಮಾಡುತ್ತಿಲ್ವಾ?

ಉತ್ತರ:
ಕೈಕೊಡುತ್ತಿರುವುದು ಅರ್ಧಾಕ್ಷರದಲ್ಲಿ ಮುಗಿಯುವ ಪದಗಳು, ಅಲ್ವಾ? ಅಲ್ಲೇ ಸುಳಿವು ಇದೆ. ಎರಡು ‘ಪೆನ್’ಗೂ ಲೆನ್() ಹಾಕಿ, ಎಷ್ಟು ಗುರುತುಗಳಿವೆ ಅಂತ ಅದು ಎಣಿಸುತ್ತದೆ. 4 ಬರಬೇಕು: ಪ, ಎತ್ವ, ನ, ಹಲಂತ. ಒಂದರಲ್ಲಿ 5 ಬಂದರೆ ಅದನ್ನು ರೆಪ್ರ್() ಒಳಗಿಟ್ಟು ಪ್ರಿಂಟ್ ಮಾಡಿ, ಕಣ್ಣಿಗೆ ಕಾಣದ ಗುರುತನ್ನು ಅದು ಕೋಡ್ ಆಗಿ ತೋರಿಸುತ್ತದೆ. ಸುಮ್ನೆ ಪ್ರಿಂಟ್ ಮಾಡಿದರೆ ಏನೂ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು:
ಹೌದು, 5 ಬಂತು! ಕೊನೆಗೆ \ಯು200ಸಿ ಅಂತಿದೆ. ಫೈಲ್ ಪೂರ್ತಿ ಇದನ್ನು ರಿಪ್ಲೇಸ್ ಮಾಡಿ ತೆಗೆದುಬಿಡಲಾ?

ಉತ್ತರ:
ದಯವಿಟ್ಟು ಬೇಡ. ಅದು ಝೀರೋ ವಿಡ್ತ್ ನಾನ್ ಜಾಯಿನರ್, ಒತ್ತಕ್ಷರ ಆಗದಂತೆ ತಡೆಯುವ ಗುರುತು. ‘ಸಾಫ್ಟ್‌ವೇರ್’ ಒಳಗಿಂದ ಅದನ್ನು ಕಿತ್ತರೆ ‘ಸಾಫ್ಟ್ವೇರ್’ ಆಗುತ್ತದೆ. ಪದದ ನಡುವೆ ಅದಕ್ಕೆ ಕೆಲಸ ಇದೆ, ತುದಿಯಲ್ಲಿ ಇಲ್ಲ. ಕೆಲವು ಟೈಪಿಂಗ್ ತಂತ್ರಾಂಶಗಳು ಹಲಂತ ಆದ ಕೂಡಲೇ ಅದನ್ನು ಸೇರಿಸಿಬಿಡುತ್ತವೆ.

ಯೂನಿಕೋಡ್ ಲೆಕ್ಕದಲ್ಲಿ ಇದು ಖಾಲಿ ಜಾಗವೇ ಅಲ್ಲ, ಫಾರ್ಮ್ಯಾಟ್ ಗುರುತು. ಹಾಗಾಗಿ ಸ್ಟ್ರಿಪ್() ಮುಟ್ಟುವುದಿಲ್ಲ. ಯು200ಬಿ (ಝೀರೋ ವಿಡ್ತ್ ಸ್ಪೇಸ್) ಕಥೆಯೂ ಇದೇ. ವೆಬ್ ಪುಟದಿಂದ ಕಾಪಿ ಮಾಡಿದಾಗ ಬರುವ ಯು00ಎ0 (ನಾನ್ ಬ್ರೇಕಿಂಗ್) ಸ್ಪೇಸನ್ನು ಪೈಥಾನ್ ತೆಗೆಯುತ್ತದೆ. ಜಾವಾದಲ್ಲಿ ಟ್ರಿಮ್() ಆಗಲಿ, ಜಾವಾ 11ರಲ್ಲಿ ಬಂದ ಸ್ಟ್ರಿಪ್() ಆಗಲಿ ಅದನ್ನೂ ಬಿಟ್ಟುಬಿಡುತ್ತವೆ.

ನಿಮಗೆ ಬೇಕಾದ್ದು ಇಷ್ಟು: ತೆಗೆಯಬೇಕಾದ ಗುರುತುಗಳನ್ನೆಲ್ಲ ಒಂದೇ ಸ್ಟ್ರಿಂಗ್‌ನಲ್ಲಿ ಬರೆದು ಸ್ಟ್ರಿಪ್‌ಗೆ ಕೊಡಿ. ಯು200ಸಿ ಒಂದನ್ನೇ ಕೊಡಬೇಡಿ. ನಾವು ಏನಾದರೂ ಕೊಟ್ಟ ಕೂಡಲೇ ಅದು ಮಾಮೂಲಿ ಸ್ಪೇಸ್, ಟ್ಯಾಬ್, ಹೊಸ ಸಾಲನ್ನು ತೆಗೆಯುವುದು ನಿಲ್ಲಿಸುತ್ತದೆ. ಅವನ್ನೂ ಸೇರಿಸಿ. ಬರೆಯುವ ಕ್ರಮ ಹೇಗಿದ್ದರೂ ನಡೆಯುತ್ತದೆ. ತುದಿಯಿಂದ ಒಂದೊಂದಾಗಿ ನೋಡುತ್ತಾ, ಪಟ್ಟಿಯಲ್ಲಿ ಇಲ್ಲದ ಅಕ್ಷರ ಸಿಕ್ಕಾಗ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಮ್ಯಾಚ್ ಆಯ್ತು, ತುಂಬಾ ಥ್ಯಾಂಕ್ಸ್! ಒಂದು ಫೈಲ್‌ನ ಮೊದಲ ಪದ ಮಾತ್ರ ಇನ್ನೂ ಆಗುತ್ತಿಲ್ಲ.

ಉತ್ತರ:
ಬಹುಶಃ ಶುರುವಿನಲ್ಲಿ ಬಿಒಎಂ (ಬೈಟ್ ಆರ್ಡರ್ ಮಾರ್ಕ್) ಇದೆ, ಅಂದರೆ ಫೈಲ್ ಆರಂಭದಲ್ಲಿ ಸೇರುವ, ಕಣ್ಣಿಗೆ ಕಾಣದ ಗುರುತು ಯುಎಫ್ಇಎಫ್ಎಫ್. ಇದನ್ನು ಸ್ಟ್ರಿಪ್‌ನಲ್ಲಿ ತೆಗೆಯುವುದಕ್ಕಿಂತ, ಫೈಲ್ ತೆರೆಯುವಾಗಲೇ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಅಂತ ಕೊಡಿ.